ಎರಡನೆಯ ಅಕ್ಷರ

ಪವಿತ್ರ ವಾರದ ಕತ್ತಲ ಪ್ರಾರ್ಥನೆಗೆ ಆರ್ಗನ್ ನುಡಿಸುವ ಹಾಗಿಲ್ಲ ಎಂದು ಫಾದರ್ ಹಿಲಾರಿ ಹೇಳಿದಾಗ, ಫ್ಲೋರಿಯಾನ್ ದುದೆಕ್‌ನಿಗೆ ಬಟ್ಟೆ ಬಿಚ್ಚಿಸಿ ಸಂತೆಯ ನಡುವೆ ನಿಲ್ಲಿಸಿದ ಹಾಗಾಯಿತು.

"ಬರೀ ಬಾಯಲ್ಲೇ ಹಾಡ್ಬೇಕಾ ಫಾದರ್?"

"ಬರೀ ಬಾಯಲ್ಲೇ. ಬುಧವಾರ, ಗುರುವಾರ, ಶುಕ್ರವಾರ. ಯೆರೆಮೀಯನ ಪ್ರಲಾಪ. ಮೊದಲು ನೀವು ಅಕ್ಷರ ಹಾಡ್ತೀರಿ, ಹೆಂಗಸರು ಅದನ್ನೇ ಎಳೆದು ಹಾಡ್ತಾರೆ, ಆಮೇಲೆ ಸಾಲು ನೀವೊಬ್ರೇ. ಹೋದ ವರ್ಷ ನಿಮಗೆ ಜ್ವರ ಅಂತ ಹೇಳಿ ತಪ್ಪಿಸಿದ್ದಾಯ್ತು. ಈ ವರ್ಷವೂ ಅದೇ ವಾರಕ್ಕೆ ಸರಿಯಾಗಿ ಜ್ವರ ಬಂದ್ರೆ ಜನ ಏನಂದ್ಕೋತಾರೆ?"

ಫ್ಲೋರಿಯಾನ್ ದುದೆಕ್ ಎಂಬವನು ನಿಜಕ್ಕೂ ಒಬ್ಬನಿದ್ದ. ಪಕ್ಕದ ಜಿಲ್ಲೆಯ ಇಗರ್ಜಿಯೊಂದರಲ್ಲಿ ಆರ್ಗನ್ ನುಡಿಸುತ್ತಿದ್ದ, ಟೈಫಸ್ ಜ್ವರ ಬಂದು ಸತ್ತ. ಅವನ ಜ್ಞಾನಸ್ನಾನದ ಚೀಟಿ ಮಾತ್ರ ಸಾಯದೆ ಫಾದರ್ ಹಿಲಾರಿಯವರ ಮೇಜಿನ ಖಾನೆಯಲ್ಲಿ ಉಳಿದಿತ್ತು. ಹದಿನಾಲ್ಕು ತಿಂಗಳಿಂದ ಆ ಚೀಟಿಯ ಹಿಂದೆ ಅಡಗಿ ಕೂತಿದ್ದವನು ನಾಫ್ತಾಲಿ ಹಾಲ್ಪೆರ್ನ್. ಲುಬ್ಲಿನ್ನಿನ ಯೆಹೂದಿ. ಮೂಕಿ ಚಿತ್ರಗಳ ಕಾಲದಲ್ಲಿ ಟಾಕೀಸಿನಲ್ಲಿ ಪಿಯಾನೋ ಬಾರಿಸುತ್ತಿದ್ದವನು, ಚಿತ್ರಗಳಿಗೆ ಮಾತು ಬಂದಮೇಲೆ ಹೋಟೆಲುಗಳಲ್ಲಿ ಬಾರಿಸಿ ಹೊಟ್ಟೆ ಹೊರೆದವನು. ಓಲ್ಶಾನ್ಕಾ ಊರಿನಲ್ಲಿ ತಾನು ಯಾರೆಂಬುದು ಪಾದ್ರಿಗಳೊಬ್ಬರಿಗೇ ಗೊತ್ತು ಎಂದು ಅವನು ನಂಬಿದ್ದ. ಬೇರೆಯವರಿಗೆ ಗೊತ್ತಾದರೆ ಅವನಿಗೆ ಗುಂಡು, ಅವನಿಗೆ ತುತ್ತು ಹಾಕಿದವರಿಗೂ ಗುಂಡು. ಜರ್ಮನರು ಆ ಕಟ್ಟಳೆಯನ್ನು ಅಚ್ಚು ಹಾಕಿಸಿ ಇಗರ್ಜಿಯ ಬಾಗಿಲಿಗೇ ಅಂಟಿಸಿ ಹೋಗಿದ್ದರು.

ನಾಫ್ತಾಲಿಯ ಬೆರಳುಗಳಿಗೆ ಜಾತಿಯಿರಲಿಲ್ಲ. ಯಾವ ವಾದ್ಯ ಕೊಟ್ಟರೆ ಆ ವಾದ್ಯದವನಾಗಿಬಿಡುತ್ತಿದ್ದ. ಜಾತಿಯಿದ್ದದ್ದು ಗಂಟಲಿಗೆ. ಅವನಪ್ಪ ಸಿನಗಾಗಿನಲ್ಲಿ ಪ್ರಾರ್ಥನೆ ಹಾಡಿಸುವವರಾಗಿದ್ದರು. ಆರನೆಯ ವಯಸ್ಸಿನಿಂದ ಅವರ ಪಕ್ಕ ನಿಂತು ಹಾಡಿ ಹಾಡಿ, ಸ್ವರದ ತುದಿಯಲ್ಲೊಂದು ಬಿಕ್ಕು ಅಂಟಿಕೊಂಡಿತ್ತು. ಆರ್ಗನ್ನಿನ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಬರೀ ಬಾಯಲ್ಲಿ ಹಾಡು ಎಂದರೆ ಎಲ್ಲಿ ಮುಚ್ಚಿಡುವುದು?

ಅದಕ್ಕಿಂತ ದೊಡ್ಡ ಪೀಕಲಾಟ ಬೇರೆ ಇತ್ತು. ಯೆರೆಮೀಯನ ಪ್ರಲಾಪ ಮೂಲತಃ ನಾಫ್ತಾಲಿಯವರ ಪೈಕಿಯದು. ಒಂದೊಂದು ಸಾಲೂ ಹೀಬ್ರೂ ಅಕ್ಷರಮಾಲೆಯ ಒಂದೊಂದು ಅಕ್ಷರದಿಂದ ಶುರುವಾಗುತ್ತದೆ. ಲ್ಯಾಟಿನ್ನಿಗೆ ತಂದವರಿಗೆ ಆ ಅಕ್ಷರಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲವೇನೋ, ಅಕ್ಷರಗಳ ಹೆಸರನ್ನೇ ರಾಗ ಹಾಕಿ ಹಾಡಲು ಬಿಟ್ಟರು. ಅಲೆಫ್, ಬೇತ್, ಗಿಮೆಲ್. ಅರ್ಥ ಗೊತ್ತಿಲ್ಲದಿದ್ದರೂ ಕ್ರೈಸ್ತರು ಭಕ್ತಿಯಿಂದ ಹಾಡುತ್ತ ಬಂದರು. ಆದರೆ ಪೋಲೆಂಡಿನ ಯೆಹೂದಿ ಮಗು ಕಲಿಯುವುದು ಬೇತ್ ಅಂತಲ್ಲ, ಬೇಸ್ ಅಂತ. ಹೇತ್ ಅಲ್ಲ, ಖೇಸ್. ತೇತ್ ಅಲ್ಲ, ತೇಸ್. ಕೊನೆಯ ಆ ಸಕಾರ ಮೂರು ವರ್ಷದ ಮಗುವಿನ ನಾಲಗೆಯ ಮೇಲೆ ಕೂತರೆ ಸಾಯುವ ತನಕ ಇಳಿಯುವುದಿಲ್ಲ. ಹದಿನೈದು ದಿನದಿಂದ ನಾಫ್ತಾಲಿ ದನದ ಕೊಟ್ಟಿಗೆಯಲ್ಲಿ, ಬಾವಿಕಟ್ಟೆಯಲ್ಲಿ, ಹಾಸಿಗೆಯಲ್ಲಿ ಬೇತ್ ಬೇತ್ ಎಂದು ಗುಣುಗುತ್ತಿದ್ದ. ತನ್ನದೇ ಅಕ್ಷರವನ್ನು ಪರರ ಹಾಗೆ ತಪ್ಪಾಗಿ ಕಲಿಯುವ ಕರ್ಮ ಯಾವ ಸಂಗೀತಗಾರನಿಗೂ ಬರಬಾರದು.

ಊರಿನ ರೈತರ ಕಿವಿಗೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ತಿಳಿಯುವವನೊಬ್ಬನಿದ್ದ. ಮರದ ಡಿಪೋದ ಗುಮಾಸ್ತ ಸ್ಕೋಬೆಲ್. ಯುದ್ಧಕ್ಕೆ ಮೊದಲು ಹತ್ತು ವರ್ಷ ಯೆಹೂದಿ ಮರದ ವ್ಯಾಪಾರಿಯ ಹತ್ತಿರ ಕೆಲಸ ಮಾಡಿದ್ದರಿಂದ ಅವರ ಮಾತು ನೀರು ಕುಡಿದಷ್ಟು ಸಲೀಸು. ಈಗ ಆ ವಿದ್ಯೆಯನ್ನೇ ಮಾರಿಕೊಂಡು ತಿನ್ನುತ್ತಿದ್ದ. ಹೋದ ಚಳಿಗಾಲದಲ್ಲಿ ಪಕ್ಕದ ಪೇಟೆಯ ರೊಟ್ಟಿಯ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳ ಹಿಂದೆ ಹೋಗಿ, ಅವರ ಭಾಷೆಯಲ್ಲಿ ಮೆಲ್ಲಗೆ "ಕೈಗವಸು ಬಿತ್ತು ನೋಡಮ್ಮ" ಅಂದನಂತೆ. ಆಕೆ ಬಗ್ಗಿ ನೋಡಿದಳಂತೆ. ಅಷ್ಟೇ. ಅವಳ ಕಥೆ ಅಲ್ಲಿಗೆ ಮುಗಿಯಿತು. ಆ ಸ್ಕೋಬೆಲ್ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾದಾಗಿನಿಂದ ಓಲ್ಶಾನ್ಕಾದ ಡಿಪೋಗೆ ಬಂದು ಕೂತಿದ್ದ, ಭಾನುವಾರ ತಪ್ಪದೆ ಮೂರನೆಯ ಬೆಂಚಿನಲ್ಲಿ ಮೊಣಕಾಲೂರುತ್ತಿದ್ದ.

ಸ್ಕೋಬೆಲ್‌ಗಿಂತ ಹೆಚ್ಚಾಗಿ ನಾಫ್ತಾಲಿ ಹೆದರುತ್ತಿದ್ದದ್ದು ವೆರೋನಿಕಮ್ಮನಿಗೆ. ಹಿಂದಿನ ಆರ್ಗನ್ ಮೇಷ್ಟ್ರ ವಿಧವೆ. ಅರವತ್ತೆರಡು ವರ್ಷ, ಹಾಡುವ ಹೆಂಗಸರ ಮುಂದಾಳು. ಗಂಡ ಸತ್ತಮೇಲೆ ಊರವರು ಕೊಡುವ ಕಾಳು, ಮೊಟ್ಟೆ ಅರ್ಧ ಈ ಹೊಸಬನ ಪಾಲಾಯಿತಲ್ಲ ಎಂಬ ಸಂಕಟ ಅವಳಿಗೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ತಪ್ಪು ಹುಡುಕುತ್ತಿದ್ದಳು.

"ನಮ್ಮೋರು ಪೆಡಲ್ ತುಳಿದ್ರೆ ಕಿಟಕಿ ಅದುರ್ತಿತ್ತು ಮೇಷ್ಟ್ರೇ. ನೀವು ತುಳಿದ್ರೆ ಇಲಿನೂ ಎದ್ದು ಕೂರಲ್ಲ" ಎಂದು ಎಲ್ಲರೆದುರು ಚುಚ್ಚುತ್ತಿದ್ದಳು. ಉಳಿದ ನಾಲ್ವರು ಹೆಂಗಸರೂ ನಗುತ್ತಿದ್ದರು. ನಾಫ್ತಾಲಿಯೂ ನಗುತ್ತಿದ್ದ, ಒಳಗೆ ಜೀವ ಹಿಡಿಯಷ್ಟಾಗುತ್ತಿತ್ತು.

ಬುಧವಾರ ಮಧ್ಯಾಹ್ನ ಅವನು ಹಿಟ್ಟು ತರಲು ಗಿರಣಿಗೆ ಹೋಗಿದ್ದ. ಅಲ್ಲಿ ರೈಲ್ವೆಯವನೊಬ್ಬ ವಾರ್ಸಾದಿಂದ ಬಂದ ಸುದ್ದಿ ಹಂಚುತ್ತಿದ್ದ. ಯೆಹೂದಿಗಳನ್ನು ಕೂಡಿಹಾಕಿದ ಕೇರಿಯ ಗೋಡೆಯ ಒಳಗೆ ಸೋಮವಾರದಿಂದ ಗುಂಡಿನ ಸದ್ದಂತೆ. ಯೆಹೂದಿಗಳೇ ತಿರುಗಿ ಬಿದ್ದಿದ್ದಾರಂತೆ. ಜರ್ಮನರು ಒಂದೊಂದೇ ಮನೆಗೆ ಬೆಂಕಿಯಿಡುತ್ತಿದ್ದಾರಂತೆ, ಹೊಗೆ ರೈಲಿನಿಂದಲೇ ಕಾಣುತ್ತದಂತೆ. ಕೇಳುತ್ತಿದ್ದವರಲ್ಲಿ ಒಬ್ಬ ಶಿಲುಬೆಯ ಗುರುತು ಮಾಡಿಕೊಂಡ, ಇನ್ನೊಬ್ಬ ತಿಗಣೆಗಳು ಸುಡುತ್ತಿವೆ ಎಂದು ತಮಾಷೆ ಮಾಡಿದ. ನಾಫ್ತಾಲಿಯ ತಂಗಿ ರಾಖೆಲ್ ತನ್ನ ಎರಡು ಮಕ್ಕಳೊಂದಿಗೆ ಇದ್ದದ್ದು ಆ ಗೋಡೆಯ ಒಳಗೆ. ಅವನು "ಹೌದಾ" ಎಂದ. ಗಿರಣಿಯ ಮುದುಕ ಬ್ರೊಂಚಿಕ್ ಅವನ ಮುಖವನ್ನೇ ನೋಡುತ್ತಿದ್ದನೋ ಏನೋ, "ಚೀಲ ಬಿಗಿಯಾಗಿ ಹಿಡ್ಕೊಳಿ ಮೇಷ್ಟ್ರೇ, ಹಿಟ್ಟು ಸೋರ್ತಿದೆ" ಎಂದ. ನಾಫ್ತಾಲಿ ಚೀಲ ಹೊತ್ತು ಮನೆಗೆ ಬಂದ. ದಾರಿ ಹೇಗೆ ಸವೆಯಿತೋ ಅವನಿಗೆ ತಿಳಿಯಲಿಲ್ಲ.

ಸಂಜೆ ಇಗರ್ಜಿ ತುಂಬಿತ್ತು. ಬಲಿಪೀಠದ ಮುಂದೆ ತ್ರಿಕೋನದ ದೀಪಸ್ತಂಭ, ಅದರಲ್ಲಿ ಹದಿನೈದು ಮೇಣದ ಬತ್ತಿ. ಒಂದೊಂದು ಕೀರ್ತನೆ ಮುಗಿದ ಹಾಗೂ ಒಂದೊಂದನ್ನು ಆರಿಸುತ್ತ ಬರುತ್ತಾರೆ. ಅಟ್ಟದ ಮೇಲೆ ಮುಚ್ಚಿದ ಆರ್ಗನ್ನಿನ ಪಕ್ಕ ನಾಫ್ತಾಲಿ, ಅವನ ಬೆನ್ನಿಗೆ ಐದು ಹೆಂಗಸರು. ಕೆಳಗೆ ಮೂರನೆಯ ಬೆಂಚಿನಲ್ಲಿ ಸ್ಕೋಬೆಲ್‌ನ ಎಣ್ಣೆ ಹಚ್ಚಿ ಬಾಚಿದ ತಲೆ.

ಅಲೆಫ್ ಸುಸೂತ್ರವಾಗಿ ಬಂತು. ಹೆಂಗಸರು ಅದನ್ನು ಎಳೆದು ಹಾಡಿದರು. ಅದರ ಸಾಲನ್ನು ಅವನು ಲ್ಯಾಟಿನ್ನಿನಲ್ಲಿ ಹಾಡಿದ. ಗಿಜಿಗುಡುತ್ತಿದ್ದ ಊರೊಂದು ಈಗ ಹಾಳು ಸುರಿಯುತ್ತಿದೆ ಎಂದು ಅದರ ಅರ್ಥ. ಹಾಡುತ್ತಿದ್ದಂತೆ ಅವನ ಕಣ್ಣೆದುರು ಬಂದದ್ದು ಯೆರೂಸಲೇಮ್ ಅಲ್ಲ, ತಂಗಿಯ ಮನೆಯ ಮೂರನೆಯ ಮಹಡಿಯ ಮೆಟ್ಟಿಲು. ಮಕ್ಕಳು ಆ ಮೆಟ್ಟಿಲು ಇಳಿಯುತ್ತಿದ್ದಾರೋ ಹತ್ತುತ್ತಿದ್ದಾರೋ, ಹೊಗೆಯಲ್ಲಿ ಅವರಿಗೆ ಬಾಗಿಲು ಕಾಣುತ್ತದೋ ಇಲ್ಲವೋ. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

"ಬೇಸ್."

ಸ್ಪಷ್ಟವಾಗಿ, ಗಟ್ಟಿಯಾಗಿ, ತುದಿಯಲ್ಲಿ ಬಿಕ್ಕಿನ ಸಮೇತ, ಅಪ್ಪ ಕಲಿಸಿದ ಹಾಗೆಯೇ ಹೊರಬಿದ್ದಿತ್ತು.

ಕೆಳಗೆ ಎಣ್ಣೆಯ ತಲೆ ಮೇಲೆದ್ದಿತು. ನಿಧಾನವಾಗಿ ಅಟ್ಟದ ಕಡೆ ತಿರುಗಿತು. ನಾಫ್ತಾಲಿ ಆರ್ಗನ್ನಿನ ಅಂಚು ಹಿಡಿದುಕೊಂಡ. ಹೆಂಗಸರು ಅಕ್ಷರವನ್ನು ಮರುಹಾಡಬೇಕು, ಹಾಡುತ್ತಿಲ್ಲ. ಅವರು ಬೇತ್ ಅಂದರೆ ಮುಗಿಯಿತು, ಊರಿನ ಬೇತ್ ಪಕ್ಕದಲ್ಲಿ ಅವನ ಬೇಸ್ ಎದ್ದು ನಿಲ್ಲುತ್ತದೆ.

ಆಗ ಹಿಂದಿನಿಂದ ವೆರೋನಿಕಮ್ಮನ ಒಡಕು ದನಿ ಎದ್ದಿತು.

"ಬೇ...ಸ್."

ಒಂದು ಕ್ಷಣ ಅವಳೊಬ್ಬಳದೇ ದನಿ. ಆಮೇಲೆ ಇನ್ನೊಂದು, ಮತ್ತೊಂದು. ಐವರೂ ಅದೇ ಸಕಾರವನ್ನು ಹಿಡಿದು, ಎಳೆದು, ಇಳಿಸಿದರು. ತಿರುಗಿ ನೋಡುವ ಧೈರ್ಯ ನಾಫ್ತಾಲಿಗೆ ಆಗಲಿಲ್ಲ. ಮುಂದಿನ ಸಾಲು ಹಾಡಿದ. ಗಿಮೆಲ್, ದಾಲೆತ್ ದಾಟಿದ. ಎರಡನೆಯ ಪಾಠದಲ್ಲಿ ಹೇತ್ ಬರುವ ಹೊತ್ತಿಗೆ ಅವನಿಗೆ ಹೊಸ ದಿಗಿಲು ಹತ್ತಿಕೊಂಡಿತು. ಈಗ ಏನನ್ನಲಿ? ಹೇತ್ ಅಂದರೆ ಆಗಿನ ಬೇಸ್ ಸುಳ್ಳಾಗುತ್ತದೆ. ಖೇಸ್ ಅಂದರೆ ತಾನೇ ಕುಣಿಕೆಗೆ ಕತ್ತು ಕೊಟ್ಟ ಹಾಗೆ. ಅವನು ತೊಳಲಾಡುತ್ತಿರುವಾಗಲೇ ವೆರೋನಿಕಮ್ಮ ಮೇಷ್ಟ್ರಿಗೂ ಕಾಯದೆ, ದನಿ ಏರಿಸಿ "ಖೇಸ್" ಎಂದುಬಿಟ್ಟಳು. ಅವಳ ಮೊಣಕೈ ಅವನ ಪಕ್ಕೆಗೆ ಚೆನ್ನಾಗಿಯೇ ತಗುಲಿತು. ಅವನೂ ಹಾಡಿದ.

ಪ್ರಾರ್ಥನೆ ಮುಗಿದು ಜನ ಹೊರಗೆ ಬಂದಾಗ ಸ್ಕೋಬೆಲ್ ಮೆಟ್ಟಿಲ ಕೆಳಗೆ ಸಿಗರೇಟು ಹಚ್ಚಿ ಕಾಯುತ್ತಿದ್ದ.

"ಚೆನ್ನಾಗಿ ಹಾಡಿದ್ರಿ ಮೇಷ್ಟ್ರೇ. ಆ ಎರಡನೇ ಅಕ್ಷರ ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ."

ನಾಫ್ತಾಲಿಯ ಹಿಂದೆಯೇ ಇಳಿದು ಬಂದ ವೆರೋನಿಕಮ್ಮ ಶಾಲು ಸರಿಮಾಡಿಕೊಳ್ಳುತ್ತ ನಿಂತಳು.

"ಬೇಸ್ ಅಂದ್ರು. ಕಿವಿ ಮಂದ ಇದ್ರೆ ಮುಂದಿನ ಬೆಂಚಲ್ಲಿ ಕೂತ್ಕೋಬೇಕು ಕಣಪ್ಪ."

"ಪುಸ್ತಕದಲ್ಲಿ ಬೇತ್ ಅಂತಿದೆ ಅಮ್ಮ."

"ಪುಸ್ತಕದಲ್ಲಿ ಏನೇನೋ ಇರುತ್ತೆ. ನಮ್ಮೋರು ಮೂವತ್ತೊಂದು ವರ್ಷ ಹೀಗೇ ಹಾಡಿದ್ರು. ಈ ಮನುಷ್ಯನೂ ಬಂದ ಹೊಸದ್ರಲ್ಲಿ ಬೇತ್ ಬೇತ್ ಅಂತಿದ್ದ. ನಾನೇ ಕಿವಿ ಹಿಂಡಿ ತಿದ್ದಿದೆ."

"ಅಮ್ಮ, ಯೆಹೂದಿಗಳು ಅನ್ನೋದು ಹೀಗೆ. ಹತ್ತು ವರ್ಷ ಅವರ ಮಧ್ಯೆ ಇದ್ದೋನು ನಾನು."

"ಹಾಗಾದ್ರೆ ನಮ್ಮಿಂದ ಕದ್ದಿರ್ತಾರೆ ಬಿಡು."

ಯಾರೋ ಕಿಸಕ್ಕೆಂದರು. ಸ್ಕೋಬೆಲ್ ನಗಲಿಲ್ಲ. ಸುತ್ತ ನಿಂತವರತ್ತ ತಿರುಗಿದ. "ಏನ್ರಪ್ಪಾ, ನಿಮ್ಮೂರಲ್ಲಿ ಮೊದ್ಲಿಂದ್ಲೂ ಹೀಗೇನಾ?"

ಮೂವತ್ತೊಂದು ವರ್ಷ ಬೇತ್ ಕೇಳಿದ ಕಿವಿಗಳು ಅಲ್ಲಿ ಇನ್ನೂರಾದರೂ ಇದ್ದವು. ಒಂದು ಬಾಯಿ ತೆರೆದಿದ್ದರೆ ಸಾಕಿತ್ತು. ಗಿರಣಿಯ ಬ್ರೊಂಚಿಕ್ ಪಕ್ಕಕ್ಕೆ ಉಗುಳಿ, "ನಮಗೆ ಲ್ಯಾಟಿನ್ ಬರಲ್ಲ ಸ್ವಾಮಿ" ಎಂದ. ಉಳಿದವರು ತಮ್ಮ ಬೂಟು ನೋಡಿಕೊಂಡರು. ಹೊರಬಂದ ಫಾದರ್ ಹಿಲಾರಿಯನ್ನೂ ಸ್ಕೋಬೆಲ್ ಬಿಡಲಿಲ್ಲ, ಅವರನ್ನೂ ಕೇಳಿದ.

"ನಾನು ಬಂದು ನಾಲ್ಕು ವರ್ಷ ಆಯ್ತು" ಎಂದರು ಪಾದ್ರಿಗಳು. "ತಿದ್ದೋಕೆ ಹೋದ್ರೆ ವೆರೋನಿಕಮ್ಮ ನನ್ನನ್ನ ಊರು ಬಿಡಿಸ್ತಾರೆ. ಅದಕ್ಕೇ ಸುಮ್ನಿದೀನಿ."

ಪವಿತ್ರ ವಾರದಲ್ಲಿ ಸುಳ್ಳು ಹೇಳಬಾರದೆಂದು ಹಿಂದಿನ ಭಾನುವಾರವಷ್ಟೇ ಉಪದೇಶ ಮಾಡಿದ್ದ ಮನುಷ್ಯ. ಸ್ಕೋಬೆಲ್ ಸಿಗರೇಟನ್ನು ಮೆಟ್ಟಿಲಿಗೆ ಒರೆಸಿ ಆರಿಸಿದ.

"ನಾಳೆನೂ ಇದೆಯಲ್ಲ ಫಾದರ್. ಪುಸ್ತಕ ಹಿಡ್ಕೊಂಡೇ ಬರ್ತೀನಿ. ಸಂಪ್ರದಾಯ ಅಂದ್ಮೇಲೆ ದಿನಕ್ಕೊಂದು ಥರ ಇರಲ್ಲ."

ಆ ಇಡೀ ರಾತ್ರಿ ನಾಫ್ತಾಲಿ ಬೂಟು ಬಿಚ್ಚಲಿಲ್ಲ. ಓಡಿಹೋದರೆ ತಪ್ಪೊಪ್ಪಿಕೊಂಡ ಹಾಗೆ, ಪಾದ್ರಿಗಳನ್ನೂ ಮುದುಕಿಯನ್ನೂ ಗೋಡೆಗೆ ನಿಲ್ಲಿಸುತ್ತಾರೆ. ಉಳಿದರೆ ನಾಳೆ ಏನು? ಗುರುವಾರ ಬೆಳಿಗ್ಗೆ ವೆರೋನಿಕಮ್ಮನೇ ಬಂದು ಬಾಗಿಲು ತಟ್ಟಿದಳು. ಒಳಗೆ ಬಂದವಳು ಕೂರಲೂ ಇಲ್ಲ.

"ಇವತ್ತಿನ ಪಾಠದಲ್ಲಿ ಎಷ್ಟು ಸಲ ಬರುತ್ತೆ?"

"ಅಲೆಫ್ ಮೂರು, ಬೇತ್ ಮೂರು..."

"ಏನಂದ್ರಿ?"

"ಬೇಸ್ ಮೂರು" ಎಂದ ನಾಫ್ತಾಲಿ.

"ಹಾಂ. ತಪ್ಪಿ ಸರಿಯಾಗಿ ಹಾಡಿಬಿಟ್ಟೀರ, ಎಲ್ರೂ ಸಾಯ್ತೀವಿ."

"ಅಮ್ಮ, ನಿಮಗೆ ಆ ಅಕ್ಷರ ಹೇಗೆ ಗೊತ್ತು?"

"ಹನ್ನೊಂದು ವರ್ಷದವಳಿದ್ದಾಗ ಪೇಟೇಲಿ ನಿಮ್ಮೋರ ಮೇಷ್ಟ್ರೊಬ್ಬರ ಮನೇಲಿ ನೀರು ಹೊರೋಕಿದ್ದೆ. ಪಕ್ಕದ ಕೋಣೇಲಿ ಹುಡುಗ್ರು ಬೆಳಗಿಂದ ಸಂಜೆ ತನಕ ಅಲೆಫ್, ಬೇಸ್ ಅಂತ ಕಿರುಚ್ತಿದ್ರು. ತಲೆ ಚಿಟ್ಟು ಹಿಡಿದು ಹೋಗಿತ್ತು."

ನಿಮ್ಮೋರು ಎಂದಳು. ಅಷ್ಟು ಸಲೀಸಾಗಿ ಎಂದಳು. ಹದಿನಾಲ್ಕು ತಿಂಗಳು ಕಾಪಾಡಿಕೊಂಡ ಗುಟ್ಟು ಅವಳ ಬಾಯಲ್ಲಿ ತರಕಾರಿಯ ಮಾತಿನ ಹಾಗೆ ಬಂದುಹೋಯಿತು.

"ಯಾವಾಗಿಂದ ಗೊತ್ತು?"

"ನೀವು ಬಂದ ಮೂರನೇ ದಿನ. ಇಗರ್ಜಿ ಬಾಗಿಲಲ್ಲಿ ಟೋಪಿ ತೆಗೆಯೋ ಮುಂಚೆ ಒಂಚೂರು ನಿಂತ್ರಿ. ನಿಮ್ಮೋರು ಪ್ರಾರ್ಥನೇಲಿ ಟೋಪಿ ತೆಗೆಯಲ್ಲ ಅಲ್ವಾ. ನಮ್ಮೋರು ಯಾರೂ ನಿಲ್ಲಲ್ಲ, ಕೈ ತಾನೇ ಹೋಗುತ್ತೆ." ಅವಳು ಬಾಗಿಲ ಕಡೆ ಹೊರಟಳು. "ನಿಮ್ಮ ಮೇಲೆ ನನಗೆ ಪ್ರೀತಿ ಗೀತಿ ಏನಿಲ್ಲ ಅಂತ ತಿಳ್ಕೊಳಿ. ಆ ಸ್ಕೋಬೆಲ್ ಕೈಗೆ ನಾನು ನಾಯೀನೂ ಕೊಡಲ್ಲ. ಎದ್ದು ಮುಖ ತೊಳ್ಕೊಳಿ, ಹೆಂಗಸ್ರು ಅಭ್ಯಾಸಕ್ಕೆ ಬಂದಿದಾರೆ."

ಅಟ್ಟದ ಮೇಲಿನ ಆ ಅಭ್ಯಾಸವನ್ನು ನಾಫ್ತಾಲಿ ಹೇಗೆ ಮರೆತಾನು? ಹದಿನೈದು ದಿನ ಗಂಟಲಿನಿಂದ ಕಿತ್ತೆಸೆಯಲು ಹೆಣಗಿದ ಸಕಾರ, ಈಗ ಬೇಕೆಂದರೆ ಬರಲೊಲ್ಲದು. ಬಾಯಿ ತೆರೆದರೆ ಬೇತ್ ಎಂದೇ ಬರುತ್ತಿತ್ತು. ಭಯ ಅಷ್ಟು ಚೆನ್ನಾಗಿ ಪಾಠ ಮಾಡಿಬಿಟ್ಟಿತ್ತು. "ಹಾಗಲ್ಲ ಮೇಷ್ಟ್ರೇ, ನಿನ್ನೆ ಹೇಳಿದ ಹಾಗೆ" ಎಂದು ವೆರೋನಿಕಮ್ಮ ನಾಲ್ಕು ಸಲ ತಿದ್ದಿದಳು. ಉಳಿದ ನಾಲ್ವರೂ ಯಾಕೆ, ಏನು ಎಂದು ಕೇಳಲಿಲ್ಲ. ಕೇಳದಿರುವುದೇ ಅವನಿಗೆ ದಿಗಿಲಾಯಿತು. ಅವರಲ್ಲಿ ಕಿರಿಯವಳು ಹಾಂಕಾ. ಅವಳಿಗೆ ಮೂವರು ಚಿಕ್ಕ ಮಕ್ಕಳು, ಗಂಡ ಜರ್ಮನಿಯ ಕಾರ್ಖಾನೆಯಲ್ಲಿ ದುಡಿಯಲು ಹೋದವನು. ಇವಳಿಗೆ ಗೊತ್ತೋ, ಇಲ್ಲವೋ? ಗೊತ್ತಿದ್ದರೆ ಯಾರ ಹತ್ತಿರವಾದರೂ ಹೇಳಿದ್ದಾಳೋ?

ಸಂಜೆ ಸ್ಕೋಬೆಲ್ ಮಾತಿನಂತೆ ಪುಸ್ತಕ ಹಿಡಿದು ಮೂರನೆಯ ಬೆಂಚಿನಲ್ಲಿ ಕೂತಿದ್ದ. ಅರಣ್ಯ ಇಲಾಖೆಯ ಮೇಲ್ವಿಚಾರಕನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದ, ಸಾಕ್ಷಿಗೆ ಇರಲೆಂದೇನೋ. ಮೂರನೆಯ ಪಾಠ ಬಂತು. ಅಲೆಫ್ ಮೂರು ಸಲ ಆಯಿತು. ನಾಫ್ತಾಲಿ ಉಸಿರೆಳೆದುಕೊಂಡ.

"ಬೇಸ್."

ಬಂತು. ಹೆಂಗಸರು ಹಿಡಿದುಕೊಂಡರು. ಸ್ಕೋಬೆಲ್ ಪುಸ್ತಕದಿಂದ ತಲೆಯೆತ್ತಿ ಬೆಂಚುಗಳನ್ನು ನೋಡತೊಡಗಿದ, ಯಾರ ಮುಖದಲ್ಲಾದರೂ ಆಶ್ಚರ್ಯ ಕಾಣಲಿ ಎಂದು. ಎರಡನೆಯ ಸಲ ನಾಫ್ತಾಲಿ ಹಾಡಿದಾಗ ಹೆಂಗಸರ ದನಿಯ ಅಡಿಯಲ್ಲಿ ಇನ್ನೊಂದು ಗೊಗ್ಗರು ದನಿ ಸೇರಿತು. ಕೆಳಗಿನಿಂದ. ಗಿರಣಿಯ ಬ್ರೊಂಚಿಕ್. ಬೆಂಚಿನಲ್ಲಿ ಕೂತವರು ಅಕ್ಷರ ಹಾಡುವ ಪದ್ಧತಿಯೇ ಇಲ್ಲ. ಮೂರನೆಯ ಸಲಕ್ಕೆ ಅಲ್ಲೊಬ್ಬರು ಇಲ್ಲೊಬ್ಬರು, ಬಾಯೊಳಗೇ ಗೊಣಗುವ ಹಾಗೆ, ಬೇಸ್ ಎಂದರು. ಎಲ್ಲರೂ ಅನ್ನಲಿಲ್ಲ. ಬಾಗಿಲ ಬಳಿಯ ಒಂದು ಸಂಸಾರ ಎದ್ದು ಮಕ್ಕಳ ಕೈಹಿಡಿದು ಹೊರಗೆ ನಡೆಯಿತು. ನಾಫ್ತಾಲಿಗೆ ಅಳು ಒತ್ತರಿಸಿ ಬಂತು, ಆದರೂ ಅವನ ಕಿವಿ ಹಾಡಿದವರನ್ನು ಬಿಟ್ಟು ಹಾಡದವರನ್ನೇ ಹುಡುಕುತ್ತಿತ್ತು.

ಪ್ರಾರ್ಥನೆ ಮುಗಿಯಿತು. ಅಟ್ಟದ ಕಿಟಕಿ ಮೆಟ್ಟಿಲ ಮೇಲಕ್ಕೇ ತೆರೆದುಕೊಂಡಿತ್ತು. ಕೆಳಗೆ ಅರಣ್ಯದ ಮೇಲ್ವಿಚಾರಕ ಕೇಳುತ್ತಿದ್ದುದು ಆರು ಜನಕ್ಕೂ ಕೇಳಿಸಿತು.

"ಏನಯ್ಯಾ, ಯಾವನೋ ಸಿಗ್ತಾನೆ ಅಂತ ಕರ್ಕೊಂಡು ಬಂದ್ಯಲ್ಲ?"

"ಇಡೀ ಊರೇ ಯೆಹೂದಿಗಳ ಥರ ಹಾಡುತ್ತೆ" ಎಂದ ಸ್ಕೋಬೆಲ್. "ಯಾರನ್ನಂತ ಹಿಡಿಯೋದು?"

ಮೇಲ್ವಿಚಾರಕ ಹೊಟ್ಟೆ ಹಿಡಿದುಕೊಂಡು ನಕ್ಕ. ಇಬ್ಬರ ಹೆಜ್ಜೆಯೂ ಡಿಪೋದ ಕಡೆ ಹೋಯಿತು.

ಅಟ್ಟದ ಮೇಲೆ ಯಾರೂ ನಾಫ್ತಾಲಿಯ ಮುಖ ನೋಡಲಿಲ್ಲ. ಹೆಂಗಸರು ಶಾಲು ಹೊದ್ದುಕೊಂಡರು, ಪುಸ್ತಕ ಜೋಡಿಸಿದರು. ಹಾಂಕಾ ಮೆಟ್ಟಿಲ ತನಕ ಹೋದವಳು ತಿರುಗಿ ನಿಂತಳು.

"ಮೇಷ್ಟ್ರೇ, ನಾಳೆ ಎಷ್ಟು ಸಲ ಬರುತ್ತೆ?"

"ಬೇಸ್ ಒಂದೇ ಸಲ" ಎಂದ ಅವನು. "ಖೇಸ್ ಮೂರು. ತೇಸ್ ಮೂರು."

"ಆ ಖೇಸ್ ನನಗೆ ಇನ್ನೂ ಸರಿಯಾಗಿ ಬರ್ತಿಲ್ಲ, ಗಂಟಲಿಂದ ಬರ್ಬೇಕಲ್ವಾ" ಎಂದಳು ಹಾಂಕಾ. "ನಾಳೆ ಒಂಚೂರು ಬೇಗ ಬರ್ತೀನಿ. ಮಕ್ಕಳನ್ನೂ ಕರ್ಕೊಂಡು ಬರ್ತೀನಿ, ಅವೂ ಕಲೀಲಿ. ಬೀದೀಲಿ ಯಾರಾದ್ರೂ ಕೇಳಿದ್ರೆ ತಪ್ಪು ಹೇಳ್ಬಾರ್ದು ನೋಡಿ."